ಗಾಡಿ ನಿಲ್ಲಿಸೋಣ, ರಸೀದಿ ಕೇಳೋಣ

ನನ್ನ ತಮ್ಮ ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಅಂಥವನು ಹೋದ ವರ್ಷ ಕುಡಿದು ಗಾಡಿ ಓಡಿಸಿದ ಅನ್ನಿಸಿಕೊಂಡು, ಎರಡು ಸಾವಿರ ರೂಪಾಯಿ ಕೊಟ್ಟು ಮನೆಗೆ ಬಂದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಮೂರು ಎಕರೆ ಜಮೀನು. ತೆಂಗು, ನಡುವೆ ಒಂದಷ್ಟು ಅಡಿಕೆ, ಬೋರಿನಲ್ಲಿ ನೀರಿದ್ದ ವರ್ಷ ಅರ್ಧ ಎಕರೆ ಬದನೆ, ಬೀನ್ಸು. ತರಕಾರಿ ಹೋಗುವುದು ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ. ತಮ್ಮನ ಹತ್ತಿರ ಒಂದು ಸಣ್ಣ ಲಗೇಜ್ ಗಾಡಿ ಇದೆ. ಅಕ್ಕಪಕ್ಕದ ನಾಲ್ಕು ಮನೆಯ ಮಾಲೂ ಅದರಲ್ಲೇ ಹೋಗುತ್ತದೆ.

ಆ ವಾರ ಅವನಿಗೆ ಕೆಮ್ಮು. ಅವ್ವ ಒಂದು ಅರಿಷ್ಟದ ಸೀಸೆ ಕೊಟ್ಟಿದ್ದಳು. ಕೆಲಸ ಮುಗಿಸಿ ರಾತ್ರಿ ವಾಪಸ್ಸು ಬರುವಾಗ ಗಾಡಿಯಲ್ಲೇ ಒಂದು ಮುಚ್ಚಳ ಕುಡಿದಿದ್ದಾನೆ. ಐದು ನಿಮಿಷವೂ ಆಗಿಲ್ಲ, ರಸ್ತೆಯಲ್ಲಿ ಕೈ ಅಡ್ಡ ಬಂತು. ಊದು ಅಂದರು, ಊದಿದ. ಯಂತ್ರ ಕೂಗಿತು. "ಕೋರ್ಟಿಗೆ ಹೋದರೆ ಹತ್ತು ಸಾವಿರ, ಗಾಡಿ ಸ್ಟೇಷನ್ನಿನಲ್ಲಿ, ಲೈಸೆನ್ಸೂ ಹೋಗುತ್ತೆ. ಇಲ್ಲೇ ಎರಡು ಕೊಟ್ಟು ಹೊರಡು" ಅಂದರಂತೆ. ಮಾಲು ಮಾರಿದ ದುಡ್ಡು ಜೇಬಿನಲ್ಲಿತ್ತು. ಕೊಟ್ಟ. ರಸೀದಿ ಇಲ್ಲ. ಯಾವ ರಸ್ತೆ, ಯಾರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಒಬ್ಬರನ್ನು ದೂರುವುದಕ್ಕೆ ಬರೆಯುತ್ತಿರುವ ಲೇಖನ ಇದಲ್ಲ.

ಮನೆಗೆ ಬಂದು ಹೇಳಿದಾಗ ಅವ್ವ, "ನಾನೇ ಔಷಧಿ ಕೊಟ್ಟು ಮಗನ ಮರ್ಯಾದೆ ಕಳೆದೆನಲ್ಲಪ್ಪಾ" ಅಂತ ಕಣ್ಣೀರು ಹಾಕಿದಳು. ತಮ್ಮ ಒಂದೇ ಮಾತು ಹೇಳಿದ: "ಅಣ್ಣಾ, ನನಗೆ ಏನು ಕೇಳಬೇಕು ಅಂತಾನೇ ಗೊತ್ತಾಗಲಿಲ್ಲ."

ಈ ಮಾತು ನನ್ನನ್ನು ಕೊರೆಯಿತು. ತೆಂಗಿನ ಬುಡಕ್ಕೆ ಎಷ್ಟು ಪೊಟ್ಯಾಷ್ ಹಾಕಬೇಕು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇವೆ. ವಾರಕ್ಕೆ ಎರಡು ಸಲ ರಸ್ತೆಯಲ್ಲಿ ಎದುರಾಗುವ ಕಾನೂನಿನ ನಾಲ್ಕು ಸಾಲು ನಮಗೆ ಗೊತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾವು ಕದಿಯದೇ ಇದ್ದರೂ ಹೆಗಲು ಮುಟ್ಟಿಕೊಳ್ಳುವ ಜನ. ತುಮಕೂರಿನ ವಕೀಲ ಮಿತ್ರರೊಬ್ಬರ ಹತ್ತಿರ ನಾಲ್ಕಾರು ಸಂಜೆ ಕೂತು ಕೇಳಿ ತಿಳಿದದ್ದನ್ನು, ನನ್ನ ಅಭಿಪ್ರಾಯ ಸೇರಿಸಿ ಇಲ್ಲಿಟ್ಟಿದ್ದೇನೆ.

ಮೊದಲು ನಮ್ಮ ತಪ್ಪು

ಹಕ್ಕಿನ ಮಾತು ಆಡುವ ಮುಂಚೆ ನಮ್ಮ ಮುಖ ನಾವೇ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಸಂತೆ ಮುಗಿಸಿ ಒಂದು ಕ್ವಾರ್ಟರ್ ಹಾಕಿ ಬೈಕು ಹತ್ತುವವರು ನಮ್ಮ ಊರುಗಳಲ್ಲಿ ಕಮ್ಮಿ ಇಲ್ಲ. ನಾನೂ ಸಾಚಾ ಅಲ್ಲ. ಇಪ್ಪತ್ತು ವರ್ಷದ ಹಿಂದೆ ಮದುವೆ ಮನೆಯಿಂದ ಹಾಗೇ ಬರುವಾಗ ಕೆರೆ ಏರಿಯ ಕೆಳಗೆ ಬಿದ್ದಿದ್ದೆ. ಹಿಂದೆ ಯಾರೂ ಕೂತಿರಲಿಲ್ಲ, ಅದು ನನ್ನ ಪುಣ್ಯ.

ಕಾನೂನು ಹೇಳುವುದು ಇಷ್ಟು. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇದ್ದರೆ ಅಪರಾಧ. ದೊಡ್ಡ ಬಾಟಲಿ ಬಿಯರ್ ಒಂದೇ ಸಾಕು, ಹೆಚ್ಚಿನವರು ಈ ಗೆರೆ ದಾಟುತ್ತಾರೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಹತ್ತು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲಕ್ಕೆ ಹದಿನೈದು ಸಾವಿರ ಅಥವಾ ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ.

ತರಕಾರಿ, ಹೂವು ಬೆಳೆಯುವವರು ಒಂದು ಲೆಕ್ಕ ನೆನಪಿಡಬೇಕು. ನಮ್ಮ ದೇಹ ಗಂಟೆಗೆ ಹೆಚ್ಚೂಕಡಿಮೆ 15 ಮಿಲಿಗ್ರಾಂ ಮಾತ್ರ ಇಳಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಚೆನ್ನಾಗಿ ಕುಡಿದು ಮಲಗಿ, ಬೆಳಗಿನ ಜಾವ ನಾಲ್ಕಕ್ಕೆ ಮಾರುಕಟ್ಟೆಗೆ ಹೊರಟವನ ರಕ್ತದಲ್ಲಿ ಗೆರೆ ದಾಟುವಷ್ಟು ಇನ್ನೂ ಇರಬಹುದು. ಮಜ್ಜಿಗೆ, ನಿಂಬೆಹಣ್ಣು, ತಣ್ಣೀರ ಸ್ನಾನ ಯಾವುದೂ ಇದನ್ನು ಇಳಿಸುವುದಿಲ್ಲ. ಹುಳಿ ಬಂದ ನೀರಾ ಕೂಡ ಹೆಂಡವೇ.

ಇನ್ನೊಂದು ವಿಷಯ ವಿಮೆ. ಕುಡಿದು ಓಡಿಸಿದಾಗ ಸ್ವಂತ ಗಾಡಿಯ ನಷ್ಟವನ್ನು ವಿಮಾ ಕಂಪೆನಿ ಕೊಡದೇ ಇರಬಹುದು. 2021ರಲ್ಲಿ ಸುಪ್ರೀಂ ಕೋರ್ಟೇ ಹಾಗೆ ತೀರ್ಪು ಕೊಟ್ಟಿದೆ. ಎದುರಿನವನಿಗೆ ಕೊಟ್ಟ ಪರಿಹಾರವನ್ನೂ ನಮ್ಮಿಂದಲೇ ವಸೂಲು ಮಾಡಿಕೊಳ್ಳಿ ಅಂತ ಕೋರ್ಟು ಹೇಳಬಹುದು. ಆಗ ಹೋಗುವುದು ಹತ್ತು ಸಾವಿರವಲ್ಲ, ತೋಟ. ಹದಿನೆಂಟು ತುಂಬದ ಮಗನ ಕೈಗೆ ಬೈಕು, ಟ್ರ್ಯಾಕ್ಟರು ಕೊಡುವವರಿಗೂ ಒಂದು ಮಾತು. 199ಎ ಕಲಮಿನಲ್ಲಿ ಶಿಕ್ಷೆ ತಂದೆತಾಯಿಗೆ ಅಥವಾ ಗಾಡಿಯ ಮಾಲೀಕನಿಗೆ: ಮೂರು ವರ್ಷದವರೆಗೆ ಜೈಲು, ಇಪ್ಪತ್ತೈದು ಸಾವಿರ ದಂಡ. ಆ ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸೂ ಸಿಗುವುದಿಲ್ಲ.

ಹಾಗಾಗಿ ರಸ್ತೆಯಲ್ಲಿ ತಪಾಸಣೆ ಬೇಡ ಅಂತ ನಾನು ಖಂಡಿತಾ ಹೇಳುವುದಿಲ್ಲ. ಬೇಕು. ಆದರೆ ಕಾನೂನಿನ ಪ್ರಕಾರ ಬೇಕು.

ಊದಿಸುವಾಗ

ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅಥವಾ ಸಾರಿಗೆ ಇಲಾಖೆಯ ಅಧಿಕಾರಿ, ಚಾಲಕ ಕುಡಿದಿದ್ದಾನೆ ಅನ್ನುವ ಸಂಶಯಕ್ಕೆ ತಕ್ಕ ಕಾರಣ ಇದ್ದರೆ ಊದಲು ಹೇಳಬಹುದು. ಇದು 203ನೇ ಕಲಮು. ಊದುವುದಿಲ್ಲ ಅಂತ ಹಟ ಮಾಡಬೇಡಿ. ಸಂಶಯ ಇದ್ದಾಗ ನಿರಾಕರಿಸಿದರೆ ವಾರಂಟಿಲ್ಲದೆ ಬಂಧಿಸಬಹುದು. ಮುಂದೆ ಕೋರ್ಟಿನಲ್ಲಿಯೂ ಆ ನಿರಾಕರಣೆ ನಮ್ಮ ವಿರುದ್ಧವೇ ನಿಲ್ಲುತ್ತದೆ.

ಊದಿ. ಊದುವ ಮುಂಚೆ ಹೊಸ ನಳಿಗೆ ಹಾಕಿ ಅಂತ ಕೇಳಿ. ಯಂತ್ರ ತೋರಿಸಿದ ಅಂಕಿ ನೋಡಿ, ಚೀಟಿ ಬರುವ ಯಂತ್ರವಾದರೆ ಚೀಟಿ ಕೇಳಿ. ಔಷಧಿ ಕುಡಿದಿದ್ದರೆ ಆಗಲೇ ಹೇಳಿ, ಸೀಸೆ ತೋರಿಸಿ. ದಶಮೂಲಾರಿಷ್ಟ, ಅಶ್ವಗಂಧಾರಿಷ್ಟದಂಥವು ಹುಳಿ ಬರಿಸಿಯೇ ಮಾಡುವ ಔಷಧಿಗಳು. ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ, ಸೀಸೆಯ ಮೇಲೂ ಬರೆದಿರುತ್ತದೆ. ಹೋಮಿಯೋಪತಿ ಹನಿಗಳು, ಕೆಲವು ಕೆಮ್ಮಿನ ಔಷಧಿಗಳೂ ಹಾಗೇ. ಈಗಷ್ಟೇ ಕುಡಿದಿದ್ದರೆ ಬಾಯಲ್ಲಿ ಉಳಿದ ಪಸೆಯನ್ನೇ ಯಂತ್ರ ಹಿಡಿಯುತ್ತದೆ. ಬಾಯಿ ಮುಕ್ಕಳಿಸಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಊದಿದರೆ ಆ ಅಂಕಿ ಇಳಿದುಹೋಗುತ್ತದೆ. ಕುಡಿದವನ ಅಂಕಿ ಹಾಗೆ ಇಳಿಯುವುದಿಲ್ಲ.

ಇನ್ನೊಮ್ಮೆ ಊದಿಸಿ ಅಂತ ಕೇಳುವುದು ಭಿಕ್ಷೆಯಲ್ಲ. ಬಂಧಿಸಿದವನಿಗೆ ಠಾಣೆಯಲ್ಲಿ ಮತ್ತೆ ಊದುವ ಅವಕಾಶ ಕೊಡಬೇಕು ಅಂತ ಅದೇ 203ನೇ ಕಲಮು ಹೇಳುತ್ತದೆ. ರಕ್ತ ತೆಗೆಯುವುದಾದರೆ ನೋಂದಾಯಿತ ವೈದ್ಯರೇ ತೆಗೆಯಬೇಕು. ಹೆಣ್ಣುಮಗಳ ರಕ್ತವನ್ನು ಗಂಡಸು ವೈದ್ಯರು ತೆಗೆಯುವಾಗ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಇರಲೇಬೇಕು. ಎಲ್ಲಕ್ಕಿಂತ ಮುಖ್ಯ 202ನೇ ಕಲಮು: ಕುಡಿದ ಆರೋಪದಲ್ಲಿ ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಆಗದಿದ್ದರೆ ಬಿಡಬೇಕು.

ಈ ಒಂದು ಸಾಲು ಗೊತ್ತಿದ್ದಿದ್ದರೆ ನನ್ನ ತಮ್ಮ, "ಸಾರ್, ಇದು ಔಷಧಿ. ಕಾಲು ಗಂಟೆ ಬಿಟ್ಟು ಮತ್ತೆ ಊದುತ್ತೇನೆ" ಅನ್ನುತ್ತಿದ್ದ. ಎರಡು ಸಾವಿರ ಉಳಿಯುತ್ತಿತ್ತು. ಅವ್ವನ ಕಣ್ಣೀರೂ ಉಳಿಯುತ್ತಿತ್ತು.

ಸ್ಥಳದಲ್ಲೇ ದಂಡ ಯಾವುದಕ್ಕೆ?

ಇದನ್ನು ಪ್ರತಿ ಚಾಲಕನೂ ಬಾಯಿಪಾಠ ಮಾಡಬೇಕು. ಹೆಲ್ಮೆಟ್ ಇಲ್ಲದಿರುವುದು, ಹೆಚ್ಚು ಭಾರ ಹೇರುವುದು, ಇಂಥ ತಪ್ಪುಗಳ ದಂಡವನ್ನು ಸ್ಥಳದಲ್ಲೇ ಕಟ್ಟಿ ಮುಗಿಸಿಕೊಳ್ಳಲು 200ನೇ ಕಲಮಿನಲ್ಲಿ ಅವಕಾಶ ಇದೆ. ಸರಕಾರ ಅಧಿಸೂಚನೆಯಲ್ಲಿ ಹೇಳಿದ ದರ್ಜೆಯ ಅಧಿಕಾರಿ, ಅದರಲ್ಲಿರುವಷ್ಟೇ ಮೊತ್ತ ತೆಗೆದುಕೊಳ್ಳಬೇಕು, ರಸೀದಿ ಕೊಡಬೇಕು. ಕರ್ನಾಟಕದಲ್ಲಿ 2019ರ ಸೆಪ್ಟೆಂಬರಿನಲ್ಲಿ ಇಳಿಸಿದ ದರದಂತೆ ಹೆಲ್ಮೆಟ್ಟಿಗೆ 500 ರೂಪಾಯಿ. ತಪ್ಪು ಒಪ್ಪದವನು ಅಲ್ಲಿ ಕಟ್ಟಲೇಬೇಕು ಅಂತಿಲ್ಲ, ಕೋರ್ಟಿನಲ್ಲಿ ಹೇಳಿಕೊಳ್ಳುತ್ತೇನೆ ಅನ್ನಬಹುದು.

ಆದರೆ ಕುಡಿದು ಓಡಿಸುವ 185ನೇ ಕಲಮು ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಅದಕ್ಕೆ ರಸ್ತೆಯಲ್ಲಿ ದಂಡ ಅನ್ನುವುದೇ ಇಲ್ಲ. ಕೇಸು ಕೋರ್ಟಿಗೇ ಹೋಗಬೇಕು, ದಂಡ ಕೋರ್ಟಿನಲ್ಲೇ ಕಟ್ಟಬೇಕು. ಕುಡಿದ ಕೇಸಿಗೆ ರಸ್ತೆಯಲ್ಲಿ ಯಾರಾದರೂ ದುಡ್ಡು ಕೇಳಿದರೆ ಅದು ಎರಡು ಸಾವಿರವಿರಲಿ, ಇನ್ನೂರಿರಲಿ, ದಂಡವಲ್ಲ, ಲಂಚ.

ಕೈ ಅಡ್ಡ ಹಾಕುವ ರೀತಿ

2025ರ ಮೇ 26ರಂದು ಮಂಡ್ಯದಲ್ಲಿ ನಡೆದದ್ದನ್ನು ನೀವೆಲ್ಲ ಕೇಳಿರುತ್ತೀರಿ. ನಾಯಿ ಕಚ್ಚಿದ ಪುಟ್ಟ ಹೆಣ್ಣುಮಗುವನ್ನು ಮದ್ದೂರು ಕಡೆಯ ತಂದೆತಾಯಿ ಬೈಕಿನಲ್ಲಿ ಮಂಡ್ಯದ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ಪೊಲೀಸರು ಅಡ್ಡ ಹಾಕಿದಾಗ ಬಿದ್ದು ಮಗು ತೀರಿಕೊಂಡಿತು. ಮೂವರು ಎಎಸ್‌ಐಗಳು ಅಮಾನತಾದರು. ಐನೂರು ರೂಪಾಯಿಯ ತಪ್ಪಿಗೆ ಒಂದು ಮಗುವಿನ ಜೀವ. ಅಮಾನತಿನಿಂದ ಆ ಮನೆಗೆ ಏನು ಬಂತು? ಊರು ಸೂರೆಯಾದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಅದಾದ ಮೇಲೆ ಆಗಿನ ರಾಜ್ಯ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಅವರು ಸಿಬ್ಬಂದಿಗೆ ಸೂಚನೆ ಹೊರಡಿಸಿದರು. ಕಣ್ಣಿಗೆ ಕಾಣುವ ತಪ್ಪಿಲ್ಲದೆ ಸುಮ್ಮನೆ ಗಾಡಿ ನಿಲ್ಲಿಸಬಾರದು, ಒಮ್ಮೆಗೇ ರಸ್ತೆಗೆ ನುಗ್ಗಿ ಅಡ್ಡ ಹಾಕಬಾರದು, ಸವಾರರನ್ನು ಹಿಡಿದು ಎಳೆಯಬಾರದು, ಕೀ ಕಿತ್ತುಕೊಳ್ಳಬಾರದು ಅಂತ. ಅದಕ್ಕೂ ಮುಂಚೆ 2022ರ ಜೂನಿನಲ್ಲಿ ಆಗ ಮುಖ್ಯಸ್ಥರಾಗಿದ್ದ ಪ್ರವೀಣ್ ಸೂದ್ ಅವರೂ, ಕಾಗದ ನೋಡುವುದಕ್ಕೆ ಮಾತ್ರ ಗಾಡಿ ನಿಲ್ಲಿಸಬಾರದು, ಕುಡಿದವರ ತಪಾಸಣೆಗೆ ಮಾತ್ರ ವಿನಾಯಿತಿ ಅಂದಿದ್ದರು.

ಇವು ಇಲಾಖೆಯೊಳಗಿನ ಸೂಚನೆಗಳು. ಇವನ್ನು ಹಿಡಿದು ರಸ್ತೆಯಲ್ಲಿ ವಾದಕ್ಕೆ ನಿಲ್ಲುವುದು ಜಾಣತನವಲ್ಲ. ಯಾಕೆಂದರೆ ಸಮವಸ್ತ್ರದವರು ಕೇಳಿದಾಗ ಲೈಸೆನ್ಸ್ ತೋರಿಸುವುದು 130ನೇ ಕಲಮಿನ ಪ್ರಕಾರ ನಮ್ಮ ಕರ್ತವ್ಯ. ಕೈ ತೋರಿಸಿದರೆ ನಿಧಾನ ಮಾಡಿ ಎಡಕ್ಕೆ ನಿಲ್ಲಿಸಿ. ತಪ್ಪಿಸಿಕೊಂಡು ಹೋಗುವವನೇ ಬೀಳುವುದು. ಎದೆಯ ಮೇಲಿನ ಹೆಸರು ಓದಿಕೊಳ್ಳಿ. ದೂರು ಕೊಡುವುದಾದರೆ ಆ ಹೆಸರು, ಹೊತ್ತು, ಜಾಗ ಮೂರೂ ಬೇಕಾಗುತ್ತವೆ.

ಕಾಗದ ಮತ್ತು ಗಾಡಿ

ಕುಣಿಗಲ್ ಕಡೆಯ ನನ್ನ ಭಾವ ರೇಷ್ಮೆ ಬೆಳೆಗಾರರು. ಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ತಮ್ಮದೇ ಸಣ್ಣ ಸರಕು ಗಾಡಿಯಲ್ಲಿ ಹೋಗುತ್ತಾರೆ. ಒಮ್ಮೆ ದಾರಿಯಲ್ಲಿ, "ಹಳದಿ ಬೋರ್ಡು, ಬ್ಯಾಡ್ಜ್ ಎಲ್ಲಿ?" ಅಂದರಂತೆ. ಭಾವ ಸಿಟ್ಟು ಮಾಡಲಿಲ್ಲ. "ಸ್ವಾಮಿ, ಲಘು ವಾಹನದ ಲೈಸೆನ್ಸ್ ಇದೆ. ಏಳೂವರೆ ಸಾವಿರ ಕೆ.ಜಿ.ಗಿಂತ ಕಮ್ಮಿ ತೂಕದ ಗಾಡಿಗೆ ಅದೇ ಸಾಕು ಅಂತ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಇಲ್ಲ ಅಂದರೆ ಯಾವ ಕಲಮು ಅಂತ ಬರೆದು ಕೊಡಿ, ಕೋರ್ಟಿಗೆ ಬರುತ್ತೇನೆ" ಅಂದರು. ಅಧಿಕಾರಿ ಒಮ್ಮೆ ಮುಖ ನೋಡಿ, "ಹೋಗಿ ಗೌಡ್ರೇ" ಅಂದರಂತೆ. ಆ ಅಧಿಕಾರಿಯ ಮೇಲೂ ನನಗೆ ಗೌರವವೇ. ಗೊತ್ತಿದ್ದವನ ಮಾತಿಗೆ ಬೆಲೆ ಕೊಟ್ಟರು.

ಇನ್ನೂ ಎರಡು ಮೂರು ಸಂಗತಿ. ಗಾಡಿ ಮತ್ತು ಸರಕು ಸೇರಿದ ಒಟ್ಟು ತೂಕದ ಮಿತಿ ಮೂರು ಸಾವಿರ ಕೆ.ಜಿ. ದಾಟದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, 66ನೇ ಕಲಮಿನಲ್ಲಿ ವಿನಾಯಿತಿ ಇದೆ. 2018ರ ನಂತರ ಲೈಸೆನ್ಸ್, ಆರ್‌ಸಿ, ವಿಮೆ ಎಲ್ಲವನ್ನೂ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಮೊಬೈಲಿನಲ್ಲೇ ತೋರಿಸಬಹುದು. ಬರೀ ಫೋಟೋ ತೆಗೆದಿಟ್ಟುಕೊಂಡರೆ ಸಾಲದು. ಗಾಡಿಯ ಕಾಗದ ಜೊತೆಯಲ್ಲಿಲ್ಲದಿದ್ದರೆ ದೃಢೀಕರಿಸಿದ ಪ್ರತಿಯನ್ನು 15 ದಿನದೊಳಗೆ ಒಪ್ಪಿಸಲು 1989ರ ಕೇಂದ್ರ ನಿಯಮಗಳ 139ನೇ ನಿಯಮ ದಾರಿ ಕೊಟ್ಟಿದೆ. ಮೊಬೈಲಿಗೆ ಮೊದಲೇ ಹಾಕಿಸಿಟ್ಟುಕೊಂಡರೆ ಈ ತಾಪತ್ರಯವೇ ಇಲ್ಲ. ನಮ್ಮ ಮನೆಯ ಕಾಲೇಜು ಹುಡುಗರಿಗೆ ಇದು ಹತ್ತು ನಿಮಿಷದ ಕೆಲಸ.

ಗಾಡಿ ಹಿಡಿದಿಟ್ಟುಕೊಳ್ಳುವುದಕ್ಕೆ 207ನೇ ಕಲಮಿದೆ. ಅದು ಲೈಸೆನ್ಸ್ ಇಲ್ಲದವನು ಓಡಿಸಿದರೆ, ವಯಸ್ಸಾಗದವನು ಓಡಿಸಿದರೆ, ಗಾಡಿಗೆ ನೋಂದಣಿ ಇಲ್ಲದಿದ್ದರೆ, ಬೇಕಾದ ಪರ್ಮಿಟ್ ಇಲ್ಲದಿದ್ದರೆ ಇರುವ ಅಧಿಕಾರ. ಹೆಲ್ಮೆಟ್ ಇಲ್ಲದಿರುವುದು ಆ ಪಟ್ಟಿಯಲ್ಲಿಲ್ಲ. ಲೈಸೆನ್ಸ್ ತೆಗೆದುಕೊಂಡರೆ ಅದಕ್ಕೆ ತಾತ್ಕಾಲಿಕ ಸ್ವೀಕೃತಿ ಕೇಳಿ ಪಡೆಯಿರಿ.

ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು. ಸಂವಿಧಾನದ 22ನೇ ವಿಧಿ, 1996ರ ಡಿ.ಕೆ. ಬಸು ತೀರ್ಪು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇವೆಲ್ಲದರ ತಿರುಳೂ ಇದೇ. ಕುಡಿದು ಓಡಿಸಿದ ಕೇಸು ಜಾಮೀನು ಸಿಗುವ ಕೇಸು. ವಶದಲ್ಲಿರುವವನಿಗೆ ಸರಕಾರದ ಖರ್ಚಿನಲ್ಲಿ ವಕೀಲರ ನೆರವು ಸಿಗುತ್ತದೆ, ಕಾನೂನು ಸೇವೆಗಳ ಸಹಾಯವಾಣಿ 15100.

"ಯಾಕಪ್ಪಾ ಉಸಾಬರಿ?"

ಇಷ್ಟೆಲ್ಲ ಹೇಳಿದಾಗ ನಮ್ಮೂರಿನ ಹಿರಿಯರೊಬ್ಬರು ಕೇಳಿದರು: "ಸೊಪ್ಪು ಬಾಡ್ತಿರುತ್ತೆ, ಅಲ್ಲಿ ಕಾನೂನು ಮಾತಾಡಿಕೊಂಡು ನಿಂತರೆ ಮಾಲು ಹೋಯ್ತು. ಇನ್ನೂರು ಕೊಟ್ಟು ಬರೋದೇ ಲೇಸಲ್ವೇನಪ್ಪಾ?"

ಈ ಪ್ರಶ್ನೆ ಹಗುರವಲ್ಲ. ನಮ್ಮ ಮಾಲು ಕಾಯುವುದಿಲ್ಲ ಅನ್ನುವುದೇ ನಮ್ಮ ಮೇಲೆ ಹಾಕುವ ಪಟ್ಟು. ಇನ್ನೂರು ಕೊಟ್ಟವನಿಗೆ ಆ ದಿನ ಲಾಭವೇ. ಆದರೆ ನಾಳೆ ಬರುವವನಿಗೆ ಅದೇ ಇನ್ನೂರು ರೂಢಿಯಾಗುತ್ತದೆ. ಹೆದರುವವರ ಮೇಲೆ ಹಾವು ಎಸೆದರಂತೆ. ಬೇಲಿಯಲ್ಲಿ ಒಂದು ಕಡೆ ಕಂಡಿ ಬಿಟ್ಟರೆ ದನ ನಾಳೆಯೂ ಅಲ್ಲೇ ನುಗ್ಗುತ್ತದೆ, ಪಕ್ಕದವನ ಹೊಲಕ್ಕೂ ಅಲ್ಲಿಂದಲೇ ಹೋಗುತ್ತದೆ.

ಇನ್ನೊಂದು ಮಾತು ಕೇಳಿ ನಾನೇ ಬೆಚ್ಚಿದ್ದೆ. 2018ರಲ್ಲಿ ತಿದ್ದಿದ ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕಾರ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಟ್ಟವನಿಗೆ ಮಾತ್ರ ರಕ್ಷಣೆ. ಇದು ತಿಳಿಯುವ ಹೊತ್ತಿಗೆ ನಮ್ಮ ಏಳು ದಿನ ಕಳೆದುಹೋಗಿತ್ತು. ನಿಮ್ಮದು ಕಳೆಯದಿರಲಿ. ಲಂಚದ ದೂರು ಲೋಕಾಯುಕ್ತಕ್ಕೆ. 2022ರ ಆಗಸ್ಟಿನಲ್ಲಿ ಹೈಕೋರ್ಟು ಎಸಿಬಿ ರದ್ದು ಮಾಡಿದ ಮೇಲೆ ಆ ಕೆಲಸ ಮತ್ತೆ ಲೋಕಾಯುಕ್ತ ಪೊಲೀಸರಿಗೇ ಬಂದಿದೆ. ಕೆಟ್ಟ ನಡವಳಿಕೆಯ ದೂರು ಜಿಲ್ಲಾ ಎಸ್‌ಪಿ ಕಚೇರಿಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಬಹುದು.

ಪೊಲೀಸರೆಲ್ಲ ಹೀಗೆ ಅಂತ ನನ್ನ ಮಾತಲ್ಲ. ಬಿಸಿಲು, ಮಳೆ, ಲಾರಿ ಹೊಗೆಯ ನಡುವೆ ನಿಂತು ದುಡಿಯುವವರಲ್ಲಿ ನಮ್ಮಂಥ ರೈತರ ಮಕ್ಕಳೇ ಹೆಚ್ಚು. ರಾತ್ರಿ ಕುಡಿದವನೊಬ್ಬನನ್ನು ಅವರು ತಡೆದರೆ ನಮ್ಮದೇ ಯಾರೋ ಒಬ್ಬರ ಜೀವ ಉಳಿಯುತ್ತದೆ. ನಾವು ರಸೀದಿ ಕೇಳಿದಷ್ಟೂ ಪ್ರಾಮಾಣಿಕ ಅಧಿಕಾರಿಗೆ ಬಲ.

ರಸ್ತೆಯಲ್ಲಿ ಉದ್ದ ಭಾಷಣ ಬೇಡ. ಮೂರು ಮಾತು ಸಾಕು. "ಸಾರ್, ನನ್ನ ತಪ್ಪು ಏನು? ಯಾವ ಕಲಮು? ರಸೀದಿ ಕೊಡಿ." ದನಿ ಎತ್ತುವುದು ಬೇಡ, ಊರಿನ ಎಮ್ಮೆಲ್ಲೆಗೆ ಫೋನು ಹಚ್ಚುವುದೂ ಬೇಡ. ಶಿಫಾರಸು ಮಾಡಿಸಿ ಬಿಡಿಸಿಕೊಳ್ಳುವುದಕ್ಕೂ ಇನ್ನೂರು ಕೊಟ್ಟು ಬರುವುದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ತುಮಕೂರಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಗುಬ್ಬಿ, ಕುಣಿಗಲ್ ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿಗಳಿವೆ. ಹಳ್ಳಿಗೆ ಬಂದು ಕಾನೂನು ಅರಿವು ಕೊಡುವುದು ಅವರ ಕೆಲಸವೇ. ಗೊಬ್ಬರದ ಕಂಪೆನಿಯವರನ್ನು ಕರೆಸಿ ಸಭೆ ಮಾಡುವ ನಮ್ಮ ಹಾಲಿನ ಡೇರಿ, ಸೊಸೈಟಿಗಳು ವರ್ಷಕ್ಕೊಮ್ಮೆ ಇವರನ್ನೂ ಕರೆಸಲಿ. ಒಂದು ಅರ್ಜಿ ಬರೆಯುವ ಕೆಲಸ ಅಷ್ಟೇ.

ಕಳೆದ ತಿಂಗಳು ತುಮಕೂರಿಗೆ ಹೋಗುವಾಗ ನಾನೇ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದೆ. ಲೇಖನ ಬರೆಯಲು ಕೂತವನ ಕಥೆ ಇದು, ನಗಬೇಡಿ. ಐನೂರು ಕಟ್ಟಿದೆ, ರಸೀದಿ ಕೇಳಿದೆ, ಕೊಟ್ಟರು. ಹೊಟ್ಟೆ ಉರಿಯಿತು, ಆದರೆ ಮರ್ಯಾದೆ ಹೋಗಲಿಲ್ಲ. ಮಾರನೆಯ ದಿನ ಎರಡು ಹೆಲ್ಮೆಟ್ ತಂದೆ, ಒಂದು ನನಗೆ, ಒಂದು ಹಿಂದೆ ಕೂರುವ ಅವಳಿಗೆ. ತಮ್ಮನ ಗಾಡಿಯಲ್ಲಿ ಈಗ ಅವ್ವನ ಅರಿಷ್ಟದ ಸೀಸೆ ಇರುವುದಿಲ್ಲ, ಅದನ್ನು ಮನೆಗೆ ಬಂದ ಮೇಲೆ ಕುಡಿಯುತ್ತಾನೆ. ಈ ಮೂರು ಮಾತನ್ನು ಒಂದು ಚೀಟಿಯಲ್ಲಿ ಬರೆದು ಕನ್ನಡಿಯ ಪಕ್ಕ ಅಂಟಿಸಿಕೊಂಡಿದ್ದಾನೆ. ನಿಮ್ಮ ಗಾಡಿಯಲ್ಲೂ ಒಂದು ಚೀಟಿ ಇರಲಿ.